ಡೋಸ್ ಏರಿಸಿದಷ್ಟೂ ನೋವು ಏರುತ್ತಿದೆ, ಯಾಕೆ?

ಪ್ರಶ್ನೆ: ಡಾಕ್ಟರೇ, ನಮ್ಮಮ್ಮನಿಗೆ 64 ವರ್ಷ. ಬೆನ್ನಿನ ಆಪರೇಷನ್ ಆದಮೇಲೂ ಸೊಂಟನೋವು ಹೋಗಲಿಲ್ಲ, ಎರಡು ವರ್ಷದಿಂದ ಮಾರ್ಫಿನ್ ಮಾತ್ರೆ ನುಂಗುತ್ತಿದ್ದಾರೆ. ಮೊದಮೊದಲು ಚೆನ್ನಾಗಿ ನಾಟುತ್ತಿತ್ತು. ಈಗ ಡೋಸ್ ಏರಿಸಿದರೆ ನಾಲ್ಕು ದಿನ ಪರವಾಗಿಲ್ಲ, ಆಮೇಲೆ ಮೊದಲಿಗಿಂತ ಜಾಸ್ತಿ. ತೊಡೆ, ಭುಜ ಎಲ್ಲ ನೋವು. ಮೊನ್ನೆ ಹೊದಿಕೆಯ ಅಂಚು ಕಾಲಿಗೆ ಸೋಕಿದ್ದಕ್ಕೇ ಚೀರಿದರು. ಸ್ಕ್ಯಾನ್‌ನಲ್ಲಿ ಹೊಸದೇನೂ ಇಲ್ಲ. ಮನೆಯಲ್ಲಿ ಕೆಲವರು ನಾಟಕ ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ನಾಟಕ ಅನ್ನೋ ಮಾತು ನಿಲ್ಲಿಸಿ. ಅಮ್ಮನಿಗೆ ನಿಜವಾಗಿಯೂ ನೋಯುತ್ತಿದೆ.

ಮಾರ್ಫಿನ್, ಫೆಂಟನಿಲ್‌ನಂಥ ಓಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ) ಔಷಧಿಗಳು ಕೆಲವರಲ್ಲಿ ನೋವಿನ ನರವ್ಯವಸ್ಥೆಯನ್ನೇ ಕೆರಳಿಸಿಬಿಡುತ್ತವೆ. ಇದಕ್ಕೆ ಹೈಪರಾಲ್ಜೀಸಿಯಾ ಅಂತಾರೆ. ಔಷಧಿ ಒಂದು ಕಡೆ ನೋವಿನ ಸಂದೇಶವನ್ನು ತಡೆಯುತ್ತಿರುತ್ತದೆ, ಇನ್ನೊಂದು ಕಡೆ ಬೆನ್ನುಹುರಿಯ ನರಕೋಶಗಳಲ್ಲಿ ಸಂದೇಶ ಹಿಡಿಯುವ ಎನ್‌ಎಂಡಿಎ ರಿಸೆಪ್ಟರ್‌ಗಳು ಚುರುಕಾಗಿ, ಸಣ್ಣ ಸ್ಪರ್ಶವನ್ನೂ ದೊಡ್ಡ ನೋವು ಮಾಡಿ ಮಿದುಳಿಗೆ ಕಳಿಸಲು ಶುರುಮಾಡುತ್ತವೆ. ಬಟ್ಟೆ ಸೋಕಿದರೂ ಉರಿಯುವುದು ಹೀಗೇ. 1870ರಲ್ಲೇ ಕ್ಲಿಫರ್ಡ್ ಆಲ್‌ಬಟ್ ಅನ್ನೋ ಬ್ರಿಟಿಷ್ ವೈದ್ಯರಿಗೆ, ಮಾರ್ಫಿನ್ ಇಂಜೆಕ್ಷನ್ನೇ ನೋವನ್ನು ಬೆಳೆಸುತ್ತಿದೆಯೇನೋ ಅನ್ನೋ ಅನುಮಾನ ಬಂದು ಬರೆದಿದ್ದರು. ಓಪಿಯಾಯ್ಡ್ ಚಟ ಬಿಡಿಸಲು ಕೊಡುವ ಮೆಥಡೋನ್ (ಇದೂ ಒಂದು ಓಪಿಯಾಯ್ಡ್) ಚಿಕಿತ್ಸೆಯಲ್ಲಿರುವವರ ಕೈಯನ್ನು ಸಂಶೋಧಕರು ಕೊರೆಯುವ ತಣ್ಣೀರಿನಲ್ಲಿ ಇಡಿಸಿ ನೋಡಿದ್ದಾರೆ. ಬೇರೆಯವರಿಗಿಂತ ಬೇಗ ಕೈ ತೆಗೆದುಬಿಡುತ್ತಾರೆ.

ದೇಹ ಔಷಧಿಗೆ ಒಗ್ಗಿಹೋಗುವುದು ಬೇರೆ. ಆಗ ನೋವು ಹಳೇ ಜಾಗದಲ್ಲೇ ಇರುತ್ತದೆ, ಡೋಸ್ ಏರಿಸಿದರೆ ತಗ್ಗುತ್ತದೆ. ಹೈಪರಾಲ್ಜೀಸಿಯಾದಲ್ಲಿ ಹಾಗಲ್ಲ. ನೋವು ಹರಡುತ್ತದೆ, ಡೋಸ್ ಏರಿಸಿದರೆ ಕೆಡುತ್ತದೆ. ನೀವು ಬರೆದಿದ್ದು ಇದಕ್ಕೆ ತುಂಬಾ ಹತ್ತಿರವಾಗಿದೆ. ಆದರೆ ಇದನ್ನು ಹಿಡಿದುಕೊಡುವ ರಕ್ತಪರೀಕ್ಷೆ ಯಾವುದೂ ಇಲ್ಲ, ಹಳೇ ತೊಂದರೆ ಹೆಚ್ಚಾಗಿದೆಯೇ, ಎರಡು ಡೋಸ್‌ಗಳ ನಡುವೆ ಔಷಧಿ ಇಳಿದು ನೋವು ಮರುಕಳಿಸುತ್ತಿದೆಯೇ ಅಂತ ವೈದ್ಯರೇ ಒಂದೊಂದಾಗಿ ನೋಡಬೇಕು. ಅದಕ್ಕೆ ಒಂದು ವಾರ ಬರೆದಿಡಿ: ಮಾತ್ರೆ ಎಷ್ಟು ಗಂಟೆಗೆ, ನೋವು ಎಲ್ಲಿ, ಯಾವಾಗ ಜಾಸ್ತಿ. ಆ ಹಾಳೆ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ.

ದಯವಿಟ್ಟು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ವಾಂತಿ, ಭೇದಿ, ನಡುಕ, ನಿದ್ದೆಗೇಡು ಎಲ್ಲ ಶುರುವಾಗುತ್ತದೆ, ನೋವೂ ಭುಗಿಲೇಳುತ್ತದೆ. ವರ್ಷಗಟ್ಟಲೆ ತಗೊಂಡವರಿಗೆ ತಿಂಗಳಿಗೆ ಸುಮಾರು 10% ಅಥವಾ ಇನ್ನೂ ನಿಧಾನಕ್ಕೆ ಇಳಿಸುವುದು ಒಳ್ಳೆಯದು, ಅದೂ ವೈದ್ಯರ ಕಣ್ಣಮುಂದೆ. ಕೆಲವರಿಗೆ ಬುಪ್ರೆನಾರ್ಫಿನ್, ಮೆಥಡೋನ್‌ನಂಥ ಬೇರೆ ಓಪಿಯಾಯ್ಡ್‌ಗೆ ಬದಲಾಯಿಸುತ್ತಾರೆ. ಹಾಗೇ, ನೀವಾಗಿಯೇ ಡೋಸ್ ಏರಿಸಲೂಬೇಡಿ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಉಸಿರು ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಓಡಿ.

(ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಗೊಳ್ಳುತ್ತಿರುವವರು ಇದನ್ನು ಓದಿ ಹೆದರಿ ಔಷಧಿ ಬಿಡಬೇಡಿ. ಎಲ್ಲರಿಗೂ ಹೀಗಾಗುವುದಿಲ್ಲ.)

ಇಳಿಸುವಾಗ ಕೆಲವು ದಿನ ನೋವು ಏರಬಹುದು, ಅಮ್ಮನಿಗೆ ಮೊದಲೇ ತಿಳಿಸಿ. ಅಲ್ಲಿಯವರೆಗೆ ಹಗುರವಾದ ಹೊದಿಕೆ ಇರಲಿ, ಹೊದಿಸುವ ಮುಂಚೆ ಒಂದು ಮಾತು ಹೇಳಿ ಮುಟ್ಟಿ.