ರೈಜನ್ 5 7600, ಆರ್‌ಟಿಎಕ್ಸ್ 4070: ಯಾವ ಎಸ್‌ಎಂಪಿಎಸ್?

ಕಂಪ್ಯೂಟರ್‌ಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ (ಪವರ್ ಸಪ್ಲೈ) 550 ವ್ಯಾಟ್ ಸಾಕಾ, ಹಳೆಯ ಎಸ್‌ಎಂಪಿಎಸ್‌ನ ಕೇಬಲ್ಲೇ ಹಾಕಬಹುದಾ ಅಂತ ಕೇಳಿದ್ದೀರಿ. 650 ತಗೊಳ್ಳಿ ಸರ್. ರೈಜನ್ ಪ್ರೊಸೆಸರ್ ಹೆಚ್ಚೆಂದರೆ 88 ವ್ಯಾಟ್, ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್ 200. ಬೋರ್ಡ್, ಫ್ಯಾನ್ ಎಲ್ಲಾ ಸೇರಿದರೂ 400 ದಾಟಲ್ಲ. ಆದರೆ ಕಾರ್ಡ್ ಆಗಾಗ ಕ್ಷಣಮಾತ್ರ ತನ್ನ 200ಕ್ಕಿಂತ ಬಹಳ ಜಾಸ್ತಿ ಎಳೆಯುತ್ತದೆ. ಕಳಪೆ ಎಸ್‌ಎಂಪಿಎಸ್ ಆಟದ ಮಧ್ಯೆ ಆಫ್ ಆಗುವುದು ಆಗಲೇ. ಕಾರ್ಡ್‌ನ ಕಂಪನಿ ಎನ್ವಿಡಿಯಾ ಸೂಚಿಸುವುದೂ 650ನ್ನೇ.

ಡಬ್ಬದ ಮೇಲಿನ ದೊಡ್ಡ ಅಂಕಿ ನಂಬಬೇಡಿ, ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಕಾಲಂ ನೋಡಿ. 54 ಆಂಪಿಯರ್ ಆಸುಪಾಸು ಇರಬೇಕು. 40 ಇದ್ದರೆ ಬಿಟ್ಟುಬಿಡಿ. 80 ಪ್ಲಸ್ ಗೋಲ್ಡ್ ಅನ್ನುವುದು ದಕ್ಷತೆಯ ಗುರುತು, ಸುರಕ್ಷತೆಯದ್ದಲ್ಲ.

ಹಳೆಯ ಮಾಡ್ಯುಲರ್ (ಬಿಚ್ಚಿ ಹಾಕುವ) ಕೇಬಲ್ ಮಾತ್ರ ದಯವಿಟ್ಟು ಬೇಡ. ಸಾಕೆಟ್‌ಗೆ ಸರಿಯಾಗಿ ಕೂತರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಗೊಂದು ಥರ. 5 ವೋಲ್ಟ್ ಜಾಗದಲ್ಲಿ 12 ಹರಿದರೆ ಸಾಟಾ ಡ್ರೈವ್ (ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ) ಅಲ್ಲೇ ಸುಟ್ಟುಹೋಗುತ್ತದೆ, ಡೇಟಾ ಸಮೇತ.