ಓದುಗರ ಪ್ರಶ್ನೆ, ನಮ್ಮ ಉತ್ತರ: ಗೋವಾ ಫುಟ್‌ಬಾಲಿನ ಒಳ್ಳೆಯ ಕಾಲ ಯಾವುದು?

ನಿಮ್ಮ ಮೆಚ್ಚಿನ ಫುಟ್‌ಬಾಲ್ ತಂಡ ಅತ್ಯುತ್ತಮವಾಗಿ ಆಡಿದ ಕಾಲ ಯಾವುದು ಎಂದು ಗೋವಾದಲ್ಲಿ ನೆಲೆಸಿರುವ ಕನ್ನಡಿಗರನ್ನು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಉತ್ತರಕ್ಕಿಂತ ಪ್ರಶ್ನೆಗಳೇ ಹೆಚ್ಚಾಗಿದ್ದವು. ಅವುಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಾನು ಬಾಗಲಕೋಟೆ ಕಡೆಯವನು. ಮುರ್ಮುಗಾವ್ ಬಂದರಿನಲ್ಲಿ ದುಡಿದು ನಿವೃತ್ತನಾಗಿ ವಾಸ್ಕೊದಲ್ಲಿಯೇ ಉಳಿದಿದ್ದೇನೆ. ನಮ್ಮ ಗೆಳೆಯರ ಗುಂಪಿನವರೆಲ್ಲ ಸಾಲ್ಗಾಂವಕರ್ ಕ್ಲಬ್ಬಿನ ಅಭಿಮಾನಿಗಳು. ಸಂಜೆ ಸೇರಿದಾಗಲೆಲ್ಲ ಇದೇ ವಾದ: 1998–99ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ತಂಡ ದೊಡ್ಡದೋ, 2011ರಲ್ಲಿ ಐ-ಲೀಗ್ (ರಾಷ್ಟ್ರೀಯ ಲೀಗ್‌ನ ಜಾಗಕ್ಕೆ ಬಂದ ಲೀಗ್) ಮತ್ತು ಫೆಡರೇಷನ್ ಕಪ್ ಎರಡನ್ನೂ ತಂದ ತಂಡ ದೊಡ್ಡದೋ? ನಮ್ಮಲ್ಲಿ ಹಿರಿಯರೊಬ್ಬರು ಬ್ರಹ್ಮಾನಂದ್ ಕಾಲದ ಮುಂದೆ ಇವೆರಡೂ ಏನೂ ಅಲ್ಲವೆಂದು ತಳ್ಳಿಹಾಕುತ್ತಾರೆ. ತೀರ್ಪು ಕೊಡಿ. (ಓದುಗರು, ವಾಸ್ಕೊ)

ಉತ್ತರ: ನಿಮ್ಮ ಹಿರಿಯ ಗೆಳೆಯರ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅವರ ಪಕ್ಷ ನೀವು ತಿಳಿದಿರುವುದಕ್ಕಿಂತ ಗಟ್ಟಿಯಾಗಿದೆ. ಸಾಲ್ಗಾಂವಕರ್ ಗೋಲಿನ ಮುಂದೆ ವರ್ಷಗಟ್ಟಲೆ ನಿಂತ ಬ್ರಹ್ಮಾನಂದ್ ಸಂಖ್ವಾಳ್ಕರ್ ಭಾರತ ತಂಡದ ನಾಯಕರೂ ಆಗಿದ್ದವರು. ರಾಜ್ಯ ತಂಡಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯನ್ನು 1983–84ರಲ್ಲಿ ಗೋವಾ ತಂಡವು ಟೂರ್ನಿಯುದ್ದಕ್ಕೂ ಒಂದೇ ಒಂದು ಗೋಲು ಬಿಟ್ಟುಕೊಡದೆ ಗೆದ್ದಾಗ ಗೋಲ್‌ಕೀಪರ್ ಆಗಿದ್ದವರು ಅವರೇ. ಅದರ ಹಿಂದಿನ ವರ್ಷ ಅದೇ ಟ್ರೋಫಿಯನ್ನು ಗೋವಾ ಬಂಗಾಳದೊಂದಿಗೆ ಹಂಚಿಕೊಂಡಿತ್ತು. ಕೋಲ್ಕತ್ತದ ದೊಡ್ಡ ಕ್ಲಬ್ಬುಗಳ ಹೆಸರು ಕೇಳಿದರೇ ಬೇರೆ ರಾಜ್ಯಗಳ ತಂಡಗಳು ಅರ್ಧ ಸೋತಂತಿದ್ದ ದಿನಗಳಲ್ಲಿ, ನಾವೂ ಗೆಲ್ಲಬಹುದು ಎಂಬ ಧೈರ್ಯ ಇಲ್ಲಿಯ ಆಟಗಾರರಿಗೆ ಬಂದದ್ದು ಆ ಎರಡು ವರ್ಷಗಳಲ್ಲಿ. 1988ರಲ್ಲಿ ಸಾಲ್ಗಾಂವಕರ್ ಫೆಡರೇಷನ್ ಕಪ್ ಗೆದ್ದ ಮೊದಲ ಗೋವಾ ಕ್ಲಬ್ ಆಯಿತು, ಮರುವರ್ಷ ಅದನ್ನು ಉಳಿಸಿಕೊಂಡಿತು. ಬ್ರಹ್ಮಾನಂದ್ ಅವರಿಗೆ ಪದ್ಮಶ್ರೀ ಬಂದದ್ದು 2022ರಲ್ಲಿ, ಬಹಳ ತಡವಾಗಿ. ಆದರೆ ನಿಮ್ಮ ಗೆಳೆಯರಂಥವರು ಆ ಗೌರವವನ್ನು ಎಂದೋ ಕೊಟ್ಟಾಗಿತ್ತು.

ಆದರೂ ಕ್ಲಬ್ಬಿನ ಉತ್ತಮ ಕಾಲ ಎಂದು ಒಂದನ್ನೇ ಆರಿಸಬೇಕಾದರೆ ನನ್ನ ಮತ 1997ರಿಂದ 1999ರವರೆಗಿನ ತಂಡಕ್ಕೆ. ಅದರ ಆರಂಭವೇ ಅಸಾಧಾರಣವಾದುದು. 1997ರ ಜುಲೈ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್ ನೋಡಲು ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮೋಹನ್ ಬಾಗಾನ್ ತಂಡವನ್ನು ಈಸ್ಟ್ ಬೆಂಗಾಲ್ 4–1ರಿಂದ ಮಣಿಸಿತು, ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಬಾರಿಸಿದರು. ಭಾರತದ ಫುಟ್‌ಬಾಲ್ ಇತಿಹಾಸ ಬರೆಯುವವರೆಲ್ಲ ಆ ಪಂದ್ಯದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅದರ ನಂತರ ಏನಾಯಿತೆಂಬುದನ್ನು ಮಾತ್ರ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಫೈನಲ್‌ನಲ್ಲಿ ಅದೇ ಈಸ್ಟ್ ಬೆಂಗಾಲ್ ತಂಡವನ್ನು ಅದರ ತವರಿನಲ್ಲಿಯೇ 2–1ರಿಂದ ಸೋಲಿಸಿ ಕಪ್ಪನ್ನು ವಾಸ್ಕೊಗೆ ತಂದದ್ದು ಸಾಲ್ಗಾಂವಕರ್. ಇಡೀ ಊರು ತನ್ನ ಗೆಲುವನ್ನು ನೋಡಲೆಂದೇ ಕಾದಿರುವಾಗ ಹೊರಗಿನಿಂದ ಬಂದು ಗೆಲ್ಲುವುದಕ್ಕೆ ಎಂಟೆದೆ ಬೇಕು, ಮತ್ತು ಆ ತಂಡಕ್ಕೆ ಅದಿತ್ತು.

1998–99ರ ಲೀಗ್ ಪ್ರಶಸ್ತಿ ಆ ಧೈರ್ಯದ ಮುಂದುವರಿಕೆ. ರಾಷ್ಟ್ರೀಯ ಲೀಗ್ ಆರಂಭವಾಗಿ ಆಗಿನ್ನೂ ಮೂರನೆಯ ವರ್ಷ. ಮೊದಲನೆಯದನ್ನು ಪಂಜಾಬಿನ ಜೆಸಿಟಿ, ಎರಡನೆಯದನ್ನು ಮೋಹನ್ ಬಾಗಾನ್ ಗೆದ್ದಿದ್ದವು. ಶಬ್ಬೀರ್ ಅಲಿ ಅವರ ತರಬೇತಿಯಲ್ಲಿ ಸಾಲ್ಗಾಂವಕರ್ ಅದನ್ನು ಮೊದಲ ಬಾರಿಗೆ ಗೋವಾಕ್ಕೆ ತಂದಿತು. ಬ್ರುನೊ ಕುಟಿನ್ಹೊ ಅವರಂತಹ ಇಲ್ಲಿಯದೇ ಮಣ್ಣಿನ ಆಟಗಾರರು ಅದರ ಬೆನ್ನೆಲುಬಾಗಿದ್ದರು. ಅದೇ ವರ್ಷ ಡ್ಯುರಾಂಡ್ ಕಪ್ ಕೂಡ ಬಂತು. ಮುಂದೆ ಗೋವಾದ ಯಾವ ಕ್ಲಬ್ ಲೀಗ್ ಗೆದ್ದರೂ, ಹೀಗೂ ಆಗಬಹುದು ಎಂದು ಮೊದಲು ತೋರಿಸಿದ ತಂಡ ಇದೇ ಎಂಬುದನ್ನು ಮರೆಯಲಾಗದು.

2011ರ ತಂಡವನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ಮೊರಾಕೊದ ಕರೀಮ್ ಬೆಂಚರೀಫಾ ಅವರ ಆ ತಂಡ ಶಿಸ್ತಿನಿಂದ ಆಡಿತು, ಜಪಾನಿನ ರ್‍ಯೂಜಿ ಸುಯೋಕಾ ಅದಕ್ಕೆ ವೇಗ ತುಂಬಿದರು, ಮತ್ತು ಒಂದೇ ವರ್ಷದಲ್ಲಿ ಲೀಗ್ ಹಾಗೂ ಫೆಡರೇಷನ್ ಕಪ್ ಎರಡನ್ನೂ ಗೆಲ್ಲುವುದು ಸಣ್ಣ ಸಾಧನೆಯಲ್ಲ. ಆದರೆ ಆ ಹೊತ್ತಿಗೆ ಗೋವಾದ ತಂಡ ಲೀಗ್ ಗೆಲ್ಲುವುದು ರೂಢಿಯಾಗಿಬಿಟ್ಟಿತ್ತು. 1999ರಲ್ಲಿ ಅದು ಯಾರೂ ಹಿಂದೆ ಕಂಡಿರದ ಸಂಗತಿ.

ಪ್ರಶ್ನೆ: ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಡೆಂಪೊವನ್ನು ಬಿಟ್ಟು ಬೇರೆ ತಂಡಗಳ ಸುವರ್ಣಕಾಲದ ಬಗ್ಗೆ ಮಾತನಾಡುವುದು ಸರಿಯೇ? ನಾನು ಹುಬ್ಬಳ್ಳಿಯವಳು, ಮದುವೆಯಾಗಿ ಪಣಜಿಗೆ ಬಂದ ಮೇಲೆ ಮನೆಯವರ ಜೊತೆ ಡೆಂಪೊ ಪಂದ್ಯಗಳನ್ನು ನೋಡಲು ಕಲಿತೆ. (ಓದುಗರು, ಪಣಜಿ)

ಉತ್ತರ: ಸರಿಯಲ್ಲ. ಗೋವಾದ ಎಲ್ಲ ತಂಡಗಳನ್ನೂ ಒಟ್ಟಿಗೆ ತೂಗಿದರೆ 2004ರಿಂದ 2012ರವರೆಗಿನ ಡೆಂಪೊ ತಂಡಕ್ಕೇ ನಾನು ಮೊದಲ ಸ್ಥಾನ ಕೊಡುತ್ತೇನೆ. 2004–05, 2006–07, 2007–08, 2009–10 ಮತ್ತು 2011–12ರಲ್ಲಿ ಅದು ಚಾಂಪಿಯನ್ ಆಯಿತು. ಈ ಐದೂ ಬಾರಿ ತರಬೇತುದಾರರಾಗಿದ್ದವರು ಅರ್ಮಾಂಡೊ ಕೊಲಾಸೊ ಒಬ್ಬರೇ. ನಾಲ್ಕು ಪಂದ್ಯ ಸೋತರೆ ಕೋಚ್‌ಗೆ ಮನೆಯ ದಾರಿ ತೋರಿಸುವ ನಮ್ಮ ದೇಶದ ಕ್ಲಬ್ಬುಗಳಲ್ಲಿ ಇದು ಬಹಳ ಅಪರೂಪ. ಮಹೇಶ್ ಗಾವ್ಳಿ, ಸಮೀರ್ ನಾಯ್ಕ್, ಕ್ಲೈಮ್ಯಾಕ್ಸ್ ಲಾರೆನ್ಸ್, ಕ್ಲಿಫರ್ಡ್ ಮಿರಾಂಡಾ ಇವರೆಲ್ಲ ಗೋವಾದವರೇ. ವರ್ಷಗಳ ಕಾಲ ಒಟ್ಟಿಗೆ ಆಡಿದ್ದರಿಂದ ಯಾರು ಎಲ್ಲಿರುತ್ತಾರೆ ಎಂಬುದು ಒಬ್ಬರಿಗೊಬ್ಬರಿಗೆ ಕಣ್ಣು ಕಟ್ಟಿದರೂ ತಿಳಿಯುವಂತಿತ್ತು. ಅವರ ಜೊತೆಗೆ ಬ್ರೆಜಿಲ್‌ನ ಬೆಟೊ ಮತ್ತು ನೈಜೀರಿಯಾದ ರ್‍ಯಾಂಟಿ ಮಾರ್ಟಿನ್ಸ್ ಸೇರಿದರು. ರ್‍ಯಾಂಟಿ 2011–12ರ ಒಂದೇ ಋತುವಿನಲ್ಲಿ 32 ಗೋಲು ಹೊಡೆದರು. 2008ರಲ್ಲಿ ಈ ತಂಡ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಸೆಮಿಫೈನಲ್ ತಲುಪಿತು.

ನೀವು ಹುಬ್ಬಳ್ಳಿಯವರಾದ್ದರಿಂದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಈ ದೊಡ್ಡ ಕಾಲ ಆರಂಭವಾದದ್ದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಅದೂ ಒಂದು ಸಾವಿನೊಂದಿಗೆ. 2004ರ ಡಿಸೆಂಬರ್ 5ರಂದು ಅಲ್ಲಿ ಫೆಡರೇಷನ್ ಕಪ್ ಫೈನಲ್ ನಡೆಯಿತು, ಎದುರಾಳಿ ಮೋಹನ್ ಬಾಗಾನ್. ಡೆಂಪೊ ಪರ ಆಡುತ್ತಿದ್ದ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್ ಒಂದು ಗೋಲು ಹೊಡೆದಿದ್ದರು. ಎರಡನೆಯ ಗೋಲಿಗಾಗಿ ಓಡಿ ಚೆಂಡನ್ನು ಬಲೆಗೆ ತಳ್ಳುವಾಗ ಎದುರಿನಿಂದ ಬಂದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು. ಚೆಂಡು ಒಳಗೆ ಹೋಗಿತ್ತು, ಅವರು ಮತ್ತೆ ಏಳಲಿಲ್ಲ. ಡೆಂಪೊ 2–0ರಿಂದ ಗೆದ್ದ ಕಪ್ಪಿನ ಎರಡೂ ಗೋಲುಗಳು ಅವರವೇ. ಕ್ಲಬ್ ಅವರ 10ನೆಯ ಸಂಖ್ಯೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದಿರಲು ನಿರ್ಧರಿಸಿತು. ಅದೇ ಋತುವಿನಲ್ಲಿ ಡೆಂಪೊ ತನ್ನ ಮೊದಲ ಲೀಗ್ ಪ್ರಶಸ್ತಿ ಗೆದ್ದಿತು. ಆ ದುಃಖವನ್ನು ಹೊತ್ತುಕೊಂಡೇ ಉಳಿದ ಪಂದ್ಯಗಳನ್ನು ಆಡಿ ಗೆದ್ದ ಆ ಹುಡುಗರ ಬಗ್ಗೆ ನನಗಿರುವ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಪ್ರಶ್ನೆ: ಎಲ್ಲರೂ ಡೆಂಪೊ, ಸಾಲ್ಗಾಂವಕರ್ ಎನ್ನುತ್ತಾರೆ. ಚರ್ಚಿಲ್ ಬ್ರದರ್ಸ್ ಅಭಿಮಾನಿಗಳಾದ ನಾವು ಏನು ಪಾಪ ಮಾಡಿದ್ದೇವೆ? (ಓದುಗರು, ಮಡಗಾಂವ್)

ಉತ್ತರ: ನಿಮ್ಮ ತಂಡ ಹುಟ್ಟಿದ್ದೇ 1988ರಲ್ಲಿ, ಅಂದರೆ ಸಾಲ್ಗಾಂವಕರ್ ಮೊದಲ ಫೆಡರೇಷನ್ ಕಪ್ ಗೆದ್ದ ವರ್ಷ. ಅಷ್ಟು ತಡವಾಗಿ ಬಂದರೂ 2008–09 ಮತ್ತು 2012–13ರಲ್ಲಿ ಐ-ಲೀಗ್ ಗೆದ್ದಿತು. ಡ್ಯುರಾಂಡ್ ಕಪ್ ಅನ್ನು 2007, 2009 ಮತ್ತು 2011ರಲ್ಲಿ ತಂದಿತು. ಒಡಾಫಾ ಒಕೋಲಿ ಆಡುತ್ತಿದ್ದ ದಿನಗಳಲ್ಲಿ ಅವರ ಕಾಲಿಗೆ ಚೆಂಡು ಸಿಕ್ಕಿತೆಂದರೆ ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದ ಪ್ರೇಕ್ಷಕರು ಎದ್ದು ನಿಲ್ಲುತ್ತಿದ್ದರು. 2012–13ರ ಗೆಲುವಿನಲ್ಲಿ ಸುನಿಲ್ ಛೆಟ್ರಿ ಅವರ ಪಾಲೂ ಇದೆ. ನಿಮ್ಮ ಪ್ರಶ್ನೆಯಿಂದಾಗಿ ಇನ್ನೊಂದು ಲೆಕ್ಕವೂ ಹೊರಬರುತ್ತದೆ: 2006–07ರಿಂದ 2012–13ರವರೆಗೆ ಏಳು ಋತುಗಳ ರಾಷ್ಟ್ರೀಯ ಪ್ರಶಸ್ತಿ ಒಂದು ವರ್ಷವೂ ಗೋವಾದಿಂದ ಹೊರಗೆ ಹೋಗಲಿಲ್ಲ. ನಾಲ್ಕು ಬಾರಿ ಡೆಂಪೊ, ಎರಡು ಬಾರಿ ಚರ್ಚಿಲ್, ಒಂದು ಬಾರಿ ಸಾಲ್ಗಾಂವಕರ್. ಪಕ್ಕದ ಊರಿನಲ್ಲಿ ಚರ್ಚಿಲ್‌ನಂತಹ ಎದುರಾಳಿ ಇಲ್ಲದಿದ್ದರೆ ಡೆಂಪೊ ಅಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಬೆಂಗಳೂರು ಎಫ್‌ಸಿ ಗೋವಾದ ತಂಡದ ವಿರುದ್ಧ ಆಡಿದರೆ ಇಲ್ಲಿರುವ ಕನ್ನಡಿಗರು ಯಾರ ಪರ? (ಓದುಗರು, ಫೋಂಡಾ)

ಉತ್ತರ: ಮೇಲೆ ಹೇಳಿದ ಏಳು ವರ್ಷಗಳ ಸರಪಳಿಯನ್ನು ಕಡಿದದ್ದೇ ಬೆಂಗಳೂರು ಎಫ್‌ಸಿ. ಕಣಕ್ಕಿಳಿದ ಮೊದಲ ಋತುವಿನಲ್ಲಿಯೇ, 2014ರ ಏಪ್ರಿಲ್ 21ರಂದು, ಫತೋರ್ಡಾದಲ್ಲಿ ಡೆಂಪೊವನ್ನು 4–2ರಿಂದ ಸೋಲಿಸಿ ಅದು ಐ-ಲೀಗ್ ಗೆದ್ದಿತು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿಯೂ ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಿಂದ ಎಫ್‌ಸಿ ಗೋವಾವನ್ನು ಮಣಿಸಿತು. ಉಂಡ ಮನೆ ಮತ್ತು ಹುಟ್ಟಿದ ಮನೆ ಎರಡನ್ನೂ ಪ್ರೀತಿಸುವವರಿಗೆ ಆ ಎರಡು ದಿನಗಳು ಕಷ್ಟದವೇ. ನನ್ನ ಮಟ್ಟಿಗೆ ಹೇಳುವುದಾದರೆ, ವಾರವಾರವೂ ಯಾವ ತಂಡದ ಸೋಲಿಗೆ ಮನಸ್ಸು ಕೆಡುತ್ತದೆಯೋ ಅದೇ ನಮ್ಮ ತಂಡ, ಮತ್ತು ನನಗೆ ಅದು ಗೋವಾದ ತಂಡ.

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದೆಲ್ಲ ಝುವಾರಿನಗರದಲ್ಲಿ. ಅಪ್ಪ ಹಳೆಯ ಕ್ಲಬ್ಬುಗಳ ಕಥೆ ಹೇಳುತ್ತಾರೆ, ನಾನು ನೋಡಿರುವುದು ಎಫ್‌ಸಿ ಗೋವಾ ಮಾತ್ರ. ನಮ್ಮ ಕಾಲದ ಗೆಲುವು ಅವರ ಕಾಲದ್ದಕ್ಕಿಂತ ಕಡಿಮೆಯೇ? ಆ ಕ್ಲಬ್ಬುಗಳು ಹಿಂದೆ ಸರಿದದ್ದಾದರೂ ಏಕೆ? (ಕಾಲೇಜು ವಿದ್ಯಾರ್ಥಿ)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 2014ರಲ್ಲಿ ಐಎಸ್‌ಎಲ್ ಆರಂಭವಾಯಿತು. ಅದನ್ನೇ ದೇಶದ ಮೊದಲ ದರ್ಜೆಯ ಲೀಗ್ ಮಾಡಿ ಐ-ಲೀಗನ್ನು ಕೆಳಗಿಳಿಸುವ ಯೋಜನೆಯನ್ನು ರಾಷ್ಟ್ರೀಯ ಒಕ್ಕೂಟ ಮುಂದಿಟ್ಟಾಗ, 2016ರಲ್ಲಿ ಸಾಲ್ಗಾಂವಕರ್, ಡೆಂಪೊ ಮತ್ತು ಸ್ಪೋರ್ಟಿಂಗ್ ಕ್ಲಬ್ ಡಿ ಗೋವಾ ಮೂರೂ ಪ್ರತಿಭಟಿಸಿ ಐ-ಲೀಗ್‌ನಿಂದ ಹೊರನಡೆದವು. ಮೈದಾನದಲ್ಲಿ ಗೆದ್ದು ಮೇಲೆ ಬಂದ ತಂಡಗಳನ್ನು ಕಾಗದದ ಮೇಲೆ ಕೆಳಗಿಳಿಸುವುದು ಅನ್ಯಾಯ ಎಂಬ ಅವುಗಳ ವಾದ ನನಗೆ ಇಂದಿಗೂ ಸರಿಯೆನಿಸುತ್ತದೆ. ಇದರ ಹಿಂದೆ ಇನ್ನೊಂದು ಬದಲಾವಣೆಯೂ ಇತ್ತು. ಡೆಂಪೊ, ಸಾಲ್ಗಾಂವಕರ್ ಎರಡೂ ಕಬ್ಬಿಣದ ಅದಿರಿನ ವ್ಯಾಪಾರದಿಂದ ಬೆಳೆದ ಮನೆತನಗಳ ಕ್ಲಬ್ಬುಗಳು. 2012ರಲ್ಲಿ ಗೋವಾದ ಗಣಿಗಾರಿಕೆ ನಿಂತಾಗ ಬಂದರಿನಲ್ಲಿ ದುಡಿಯುತ್ತಿದ್ದ ನಮ್ಮವರಿಗೆ ತಟ್ಟಿದ ಬಿಸಿಯನ್ನು ನಿಮ್ಮ ತಂದೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಇನ್ನು ಮೊದಲ ಪ್ರಶ್ನೆ. 2019–20ರ ಎಫ್‌ಸಿ ಗೋವಾ ತಂಡವನ್ನು ಯಾವ ಹಳೆಯ ತಂಡದ ಪಕ್ಕದಲ್ಲಿಯೂ ಧೈರ್ಯವಾಗಿ ನಿಲ್ಲಿಸಬಹುದು. 18 ಲೀಗ್ ಪಂದ್ಯಗಳಲ್ಲಿ 46 ಗೋಲು ಹೊಡೆದು, ಜಮ್‌ಶೆಡ್‌ಪುರದಲ್ಲಿ 5–0ರಿಂದ ಗೆದ್ದು ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದವರಿಗೆ ಕೊಡುವ ಲೀಗ್ ಶೀಲ್ಡನ್ನು ಮೊತ್ತಮೊದಲು ಪಡೆದ ತಂಡವದು. ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ ಆದದ್ದೂ ಅದರ ಫಲವೇ. 2021ರ ಏಪ್ರಿಲ್‌ನಲ್ಲಿ ಫತೋರ್ಡಾದಲ್ಲಿ ಕತಾರಿನ ಅಲ್ ರಯ್ಯಾನ್ ತಂಡವನ್ನು ಗೋಲಿಲ್ಲದ ಡ್ರಾಗೆ ತಡೆದಾಗ ಕೊರೊನಾದಿಂದಾಗಿ ಗ್ಯಾಲರಿಯಲ್ಲಿ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಕೋಚ್‌ಗಳ ಕೂಗು, ಗೋಲ್‌ಕೀಪರ್ ಧೀರಜ್ ಸಿಂಗ್ ಚೆಂಡನ್ನು ತಡೆದ ಸದ್ದು ಟಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಆ ರಾತ್ರಿಗೆ ತುಂಬಿದ ಕ್ರೀಡಾಂಗಣ ಸಿಗಬೇಕಿತ್ತು ಎಂಬ ಕೊರಗು ನನ್ನಲ್ಲಿ ಉಳಿದಿದೆ.

ಅಪ್ಪನ ಕಾಲ ಬೇರೆ, ನಿಮ್ಮ ಕಾಲ ಬೇರೆ ಎಂದು ಗೆರೆ ಎಳೆಯುವ ಅಗತ್ಯವೂ ಇಲ್ಲ. ಶೀಲ್ಡ್ ಗೆದ್ದ ಋತುವಿನ ಕೊನೆಯಲ್ಲಿ ಕೋಚ್ ಸೆರ್ಜಿಯೊ ಲೊಬೆರಾ ಹೋದ ಮೇಲೆ ತಂಡದ ಹೊಣೆ ಹೊತ್ತು ಗುರಿ ಮುಟ್ಟಿಸಿದವರು ಡೆಂಪೊದ ಕ್ಲಿಫರ್ಡ್ ಮಿರಾಂಡಾ. ವರ್ಷಗಳ ಕಾಲ ಎಫ್‌ಸಿ ಗೋವಾದ ಎಡಬದಿಯಲ್ಲಿ ಓಡಿದ ಮಂದಾರ್ ರಾವ್ ದೇಸಾಯಿ ಕೂಡ ಡೆಂಪೊದಿಂದ ಬಂದವರು.

ಪ್ರಶ್ನೆ: ಹಳೆಯ ಕ್ಲಬ್ಬುಗಳನ್ನು ಈಗ ಎಲ್ಲಿಯಾದರೂ ನೋಡಬಹುದೇ? (ಓದುಗರು, ಮಾಪ್ಸಾ)

ಉತ್ತರ: ಖಂಡಿತ. ಡೆಂಪೊ ಕೆಳಗಿನ ದರ್ಜೆಯಿಂದ ಬಡ್ತಿ ಪಡೆದು 2024–25ರಲ್ಲಿ ಮತ್ತೆ ಐ-ಲೀಗ್ ಆಡಿತು. ಅದೇ ಹಳೆಯ ತಂಡದ ಸಮೀರ್ ನಾಯ್ಕ್ ಅದರ ಕೋಚ್ ಆಗಿದ್ದರು. ಚರ್ಚಿಲ್ ಕೂಡ ಅದೇ ಲೀಗ್‌ನಲ್ಲಿತ್ತು. ರಾಜ್ಯದ ಲೀಗ್ ಪಂದ್ಯಗಳಿಗೆ ನಿಮ್ಮ ಊರಿನ ದುಲೇರ್ ಮೈದಾನವೇ ಹತ್ತಿರ. ಹೋಗುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಮತ್ತು ಅವರಲ್ಲಿ ಹಳೆಯ ಟಿಕೆಟ್, ಫೋಟೊ, ಪತ್ರಿಕೆಯ ತುಣುಕುಗಳೇನಾದರೂ ಇದ್ದರೆ ಪ್ರತಿ ಮಾಡಿಸಿ ನಮಗೆ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಈ ಅಂಕಣದ ಜೊತೆಗೆ ಅವುಗಳಿಗೂ ಜಾಗ ಮಾಡಿಕೊಡುತ್ತೇವೆ.