ಕೀ ಉತ್ತರವೇ ತಪ್ಪಾದರೆ ಕೋರ್ಟು ಕೇಳುತ್ತದೆಯೇ?

ನೇಮಕಾತಿ ಪರೀಕ್ಷೆ ಬರೆದ ಹೊಸದುರ್ಗದ ಓದುಗರೊಬ್ಬರು ಕೀ ಉತ್ತರದ (ಪರೀಕ್ಷೆ ನಡೆಸಿದವರು ಪ್ರಕಟಿಸುವ ಸರಿ ಉತ್ತರಗಳ ಪಟ್ಟಿ) ಬಗ್ಗೆ ಬರೆದಿದ್ದಾರೆ: "ಅಂತಿಮ ಕೀ ಉತ್ತರದಲ್ಲಿ ಎರಡು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿದ್ದಾರೆ. ಕಟ್‌ಆಫ್‌ಗೆ ನನಗೆ ಒಂದೇ ಅಂಕ ಕಡಿಮೆ. ವಕೀಲರನ್ನು ಕೇಳಿದರೆ ಕೋರ್ಟು ಇದಕ್ಕೆಲ್ಲ ಕೈ ಹಾಕಲ್ಲ ಅಂದರು. ಹಾಗಾದರೆ ನಾವು ಯಾರನ್ನು ಕೇಳಬೇಕು?"

ನಿಮ್ಮ ವಕೀಲರು ಹೇಳಿದ್ದು ಅರ್ಧ ನಿಜ. ಕೋರ್ಟು ಕೈ ಹಾಕುತ್ತದೆ, ಆದರೆ ಅಪರೂಪಕ್ಕೆ. 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತೇ ಇವತ್ತಿಗೂ ನಡೆಯುತ್ತಿದೆ. ಕೀ ಸರಿ ಅಂತಲೇ ಮೊದಲು ನಂಬಬೇಕು. ಆ ವಿಷಯ ಬಲ್ಲವರು ಯಾರೂ ಒಪ್ಪದಷ್ಟು ಸ್ಪಷ್ಟವಾಗಿ ತಪ್ಪಿದ್ದರೆ ಮಾತ್ರ ಅದನ್ನು ಬದಿಗಿಡಬಹುದು. ಆ ಪ್ರಕರಣದಲ್ಲಿ ಗೆದ್ದವರು ವಿದ್ಯಾರ್ಥಿಗಳೇ. ಅವರ ಉತ್ತರಕ್ಕೆ ಪಠ್ಯಪುಸ್ತಕದ ಆಧಾರ ಇತ್ತು.

ನಮ್ಮ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ. "ಹರಪನಹಳ್ಳಿ ಯಾವ ಜಿಲ್ಲೆಯಲ್ಲಿದೆ?" ಅಂತ ಪ್ರಶ್ನೆ ಬಂತು ಅಂದುಕೊಳ್ಳಿ. 1997ರಲ್ಲಿ ಅದು ದಾವಣಗೆರೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಹೋಯಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಹಳೇ ಪುಸ್ತಕ ನೋಡಿ ಕೀಯಲ್ಲಿ ದಾವಣಗೆರೆ ಅಂತ ಹಾಕಿದರೆ, ಸರ್ಕಾರದ ಅಧಿಸೂಚನೆ ಒಂದೇ ಸಾಕು. ಅಲ್ಲಿ ವಾದಕ್ಕೆ ಜಾಗವೇ ಇಲ್ಲ. ಅದೇ "ಚಿತ್ರದುರ್ಗದ ಬರಕ್ಕೆ ಮುಖ್ಯ ಕಾರಣ ಯಾವುದು?" ಅಂತ ಕೇಳಿ, ಒಂದು ಆಯ್ಕೆ ಮಳೆನೆರಳು, ಇನ್ನೊಂದು ಬರಿದಾದ ಅಂತರ್ಜಲ ಅಂತಿದ್ದರೆ? ಎರಡಕ್ಕೂ ಪುಸ್ತಕ ಸಿಗುತ್ತದೆ. ಇಂಥ ಕಡೆ ಕೋರ್ಟು ಪರೀಕ್ಷೆ ನಡೆಸಿದ ಆಯೋಗದ ಮಾತನ್ನೇ ಒಪ್ಪುತ್ತದೆ. ಅನುಮಾನ ಇದ್ದರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೆ ಎಂದು 2017ರ ರಣ ವಿಜಯ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ ಎರಡು ಪ್ರಶ್ನೆಗಳು ಇವುಗಳಲ್ಲಿ ಯಾವ ಜಾತಿಯವು ಎಂದು ಮೊದಲು ನೋಡಿಕೊಳ್ಳಿ.

ನ್ಯಾಯಾಧೀಶರು ತಾವೇ ಪ್ರಶ್ನೆ ಬಿಡಿಸಲು ಕೂರುವುದಿಲ್ಲ, ಕೂರಲೂಬಾರದು. 2024ರ ನೀಟ್ ವಿವಾದದಲ್ಲಿ ಭೌತಶಾಸ್ತ್ರದ ಒಂದು ಪ್ರಶ್ನೆಗೆ ಸುಪ್ರೀಂ ಕೋರ್ಟು ದೆಹಲಿ ಐಐಟಿಯ ಮೂವರು ತಜ್ಞರ ಅಭಿಪ್ರಾಯ ಕೇಳಿತು. ಒಂದೇ ಉತ್ತರ ಸರಿ ಎಂದು ಅವರು ಹೇಳಿದರು.

ಇಷ್ಟು ಒಪ್ಪಿಕೊಂಡೂ ನನಗೆ ಒಂದು ವಿಷಯದಲ್ಲಿ ಸಿಟ್ಟಿದೆ. ಅನುಮಾನದ ಲಾಭ ಆಯೋಗಕ್ಕೆ ಕೊಡುವುದಾದರೆ, ಕಾರಣ ಹೇಳುವ ಹೊಣೆಯೂ ಆಯೋಗದ್ದೇ ಅಲ್ವಾ? ಮೊದಲು ಬರುವ ತಾತ್ಕಾಲಿಕ ಕೀಗೆ ಅಭ್ಯರ್ಥಿಗಳು ಪುಸ್ತಕದ ಪುಟ ಸಮೇತ ಆಕ್ಷೇಪಣೆ ಹಾಕುತ್ತಾರೆ. ಅಂತಿಮ ಕೀಯಲ್ಲಿ ಸುಮ್ನೆ ಉತ್ತರದ ಸಂಖ್ಯೆ ಬಂದರೆ ಅವರಿಗೆ ಏನು ತಿಳಿಯಬೇಕು? ತಜ್ಞರು ಯಾವ ಆಧಾರದ ಮೇಲೆ ಒಪ್ಪಿದರು, ಯಾವ ಕಾರಣಕ್ಕೆ ತಳ್ಳಿಹಾಕಿದರು ಎಂದು ಪ್ರತಿ ಪ್ರಶ್ನೆಗೆ ಎರಡು ಸಾಲು ಬರೆದು ಪ್ರಕಟಿಸಲಿ. ಊರು ಬಿಟ್ಟು, ರೂಮು ಮಾಡಿಕೊಂಡು, ವರ್ಷಗಟ್ಟಲೆ ಓದುವ ಮಕ್ಕಳಿಗೆ ಅಷ್ಟಾದರೂ ಸಲ್ಲಬೇಕು. ಎಷ್ಟೋ ಕೇಸುಗಳು ಅಲ್ಲೇ ನಿಲ್ಲುತ್ತವೆ.

ಇನ್ನು ನಿಮ್ಮ ವಿಷಯ. ರಾಜ್ಯದ ಹುದ್ದೆಯಾದರೆ ನೇರ ಹೈಕೋರ್ಟಿಗಲ್ಲ, ಮೊದಲು ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಬೇಕು. ತಾತ್ಕಾಲಿಕ ಕೀ ಬಂದಾಗ ನೀವು ಆಕ್ಷೇಪಣೆ ಸಲ್ಲಿಸಿದ್ದಿರಾ? ಪತ್ರದಲ್ಲಿ ಅದನ್ನು ಬರೆದಿಲ್ಲ. ಸಲ್ಲಿಸಿದ್ದರೆ ಅದರ ಪ್ರತಿ, ಜೊತೆಗಿಟ್ಟ ಪುಟಗಳು, ನಿಮ್ಮ ಓಎಂಆರ್ (ಉತ್ತರ ಗುರುತಿಸಿದ ಹಾಳೆ) ಪ್ರತಿ ಎಲ್ಲ ಜೋಡಿಸಿಕೊಳ್ಳಿ. ತಡ ಮಾಡಬೇಡಿ. 2013ರಲ್ಲಿ ಬಿಹಾರದ ಒಂದು ನೇಮಕಾತಿಯಲ್ಲಿ ಕೀ ತಪ್ಪೆಂದು ಸಾಬೀತಾಗಿ ಮರುಮೌಲ್ಯಮಾಪನಕ್ಕೆ ಆದೇಶವಾಯಿತು. ಆದರೂ ಆಗಲೇ ಕೆಲಸಕ್ಕೆ ಸೇರಿದ್ದವರನ್ನು ಸುಪ್ರೀಂ ಕೋರ್ಟು ತೆಗೆಯಲಿಲ್ಲ. ಹಾಗಾಗಿ ನೇಮಕಾತಿ ಆದೇಶಪತ್ರ ಕೊಡಲು ಶುರುಮಾಡುವ ಮೊದಲೇ ನಿಮ್ಮ ಅರ್ಜಿ ಕೆಎಟಿಯಲ್ಲಿ ಇರಲಿ.

– ಸಂಪಾದಕ